ಗೂಡುಮಂಜಿನ ಮೇಲೆ ಐದು ಸಾವಿರ ಮೀಟರ್

ಪ್ರೇಕ್ಷಕರ ಕೈಯಲ್ಲಿದ್ದ ಕುಲ್ಫಿ ಕರಗಿ ಮುಂಗೈಗೆ ಇಳಿಯುತ್ತಿತ್ತು. ಅವರ ಕಣ್ಣೆದುರಿನ ನಾನೂರು ಮೀಟರಿನ ಮಂಜುಗಡ್ಡೆಯ ಸ್ಕೇಟಿಂಗ್ ಪಥ ಮಾತ್ರ ಒಂದು ಹನಿಯೂ ಕರಗದೆ ಹೊಳೆಯುತ್ತಿತ್ತು. ಬೆಳಗಾವಿಯ ಮೇ ತಿಂಗಳು. ಹೊರಗೆ ಮೂವತ್ತೆಂಟು ಡಿಗ್ರಿ, ಕ್ರೀಡಾಂಗಣದೊಳಗೆ ಇಪ್ಪತ್ತೊಂಬತ್ತು. ಶೀತಕ ಯಂತ್ರ ಒಂದೂ ಇರಲಿಲ್ಲ. ಎತ್ತರದ ಚಾವಣಿ, ನೆರಳು, ಗಾಳಿ, ಅಷ್ಟೇ.

ಇದು ಗೂಡುಮಂಜು. ನೀರು ತಾನಾಗಿ ಹೆಪ್ಪುಗಟ್ಟಲು ಸೊನ್ನೆ ಡಿಗ್ರಿಗೆ ಇಳಿಯಬೇಕು. ಆದರೆ ಅದರ ಅಣುಗಳ ನಡುವೆ ತಕ್ಕ ಗಾತ್ರದ ಇನ್ನೊಂದು ಅಣುವನ್ನು ಕೂರಿಸಿದರೆ, ಅದರ ಸುತ್ತ ನೀರು ಗೂಡು ಕಟ್ಟಿಕೊಂಡು ಬಿಸಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಮೂವತ್ತನಾಲ್ಕು ಡಿಗ್ರಿಯವರೆಗೆ ತಡೆಯುವ ಗೂಡನ್ನು ಕಂಡುಹಿಡಿದವರು ಡಾ. ಭರಮಣ್ಣ ಚೌಗುಲೆ. ಅವರ ಲೆಕ್ಕಾಚಾರವಿದ್ದದ್ದು ಮನೆಗಳ ಬಗ್ಗೆ. ಹಗಲಿನ ಕಾವನ್ನು ಹೀರಿ ಕರಗುವ, ಇರುಳಿನಲ್ಲಿ ಮತ್ತೆ ಗಟ್ಟಿಯಾಗುವ ಅದರ ಹಲಗೆಗಳು ಈಗ ಕಲಬುರಗಿ, ರಾಯಚೂರಿನ ಚಾವಣಿಗಳಲ್ಲಿದ್ದವು. ಬೇಸಿಗೆಯಲ್ಲಿ ಜನ ಮಧ್ಯಾಹ್ನ ನಿದ್ದೆ ಮಾಡುವಂತಾಗಿತ್ತು. ಅದರ ಮೇಲೆ ಜಾರಬಹುದೆಂದು ಅವರಿಗೆ ತೋರಿಸಿಕೊಟ್ಟವರು ಊರಿನ ರೋಲರ್ ಸ್ಕೇಟಿಂಗ್ ಮಕ್ಕಳು.

ಅವರಲ್ಲೊಬ್ಬಳು ನೀಲಾಂಬಿಕಾ ಹಲಕರ್ಣಿ. ಈಗ ಅವಳಿಗೆ ಮೂವತ್ತೊಂದು. ಎರಡು ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗಿ ಒಮ್ಮೆ ಒಂಬತ್ತನೆಯವಳಾಗಿ, ಇನ್ನೊಮ್ಮೆ ಸೆಕೆಂಡಿನ ನೂರರಲ್ಲಿ ಹನ್ನೊಂದು ಪಾಲಿನಿಂದ ಪದಕ ತಪ್ಪಿ ನಾಲ್ಕನೆಯವಳಾಗಿ ಬಂದಿದ್ದಳು. ಗೂಡುಮಂಜಿನ ಮೇಲೆ ನಡೆಯುತ್ತಿರುವ ಮೊದಲ ವಿಶ್ವ ಚಾಂಪಿಯನ್‌ಷಿಪ್ ಇದು. ಇಲ್ಲಿ ದಾಖಲೆಯಾಗುವ ಸಮಯಗಳನ್ನು ಮಂಜಿನ ದಾಖಲೆಗಳೆಂದು ಒಪ್ಪಬೇಕೇ ಬೇಡವೇ ಎಂಬುದನ್ನು ಪಂದ್ಯಗಳು ಮುಗಿದ ಮೇಲೆ ಸಮಿತಿ ತೀರ್ಮಾನಿಸಲಿತ್ತು. ಉತ್ತರ ದೇಶಗಳ ಸ್ಪರ್ಧಿಗಳು ಆಗಲೇ ಇದನ್ನು ಪ್ಲಾಸ್ಟಿಕ್ ನೆಲ ಎಂದು ಕರೆದಿದ್ದರು.

ಐದು ಸಾವಿರ ಮೀಟರಿನ ಓಟಕ್ಕೆ ಎರಡು ಗಂಟೆ ಇರುವಾಗ ಚೌಗುಲೆ ಅವಳ ಕೈಗೆ ಒಂದು ಹಾಳೆ ಕೊಟ್ಟರು. ಆರು ವರ್ಷಗಳ ಅಳತೆಯ ಸಾರ ಅದು. ಸ್ಕೇಟಿನ ಅಲಗು ಮತ್ತೆ ಮತ್ತೆ ಹಾದ ಜಾಡಿನಲ್ಲಿ ಗೂಡುಗಳು ಚಲನೆಯ ದಿಕ್ಕಿಗೇ ಸಾಲುಗಟ್ಟುತ್ತವೆ, ಘರ್ಷಣೆ ಕಡಿಮೆಯಾಗುತ್ತದೆ, ಒಂದು ಸುತ್ತಿಗೆ ಅರ್ಧ ಸೆಕೆಂಡ್ ಉಳಿಯುತ್ತದೆ. ನೀಲಾಂಬಿಕಾಗೆ ಇದು ಹೊಸದಲ್ಲ. ಅವಳ ಪಾದಗಳಿಗೆ ಎಂದೋ ತಿಳಿದಿತ್ತು.

“ಇದನ್ನ ಹೊರಗ ಅಂಟಸ್ತೀರೇನ್ರಿ ಸರ? ಇವತ್ತ?”

“ಅಂಟಿಸಿಯಾತು. ಎಂಟು ಭಾಷಾದಾಗ.”

“ನೀವು ಯಾರ ಕಡೆ ಅದೀರಿ?”

“ಮಂಜಿನ ಕಡೆ.”

“ನಾಲ್ಕನೇ ನಂಬರ್ ಬಂದು ಬಾತ್‌ರೂಮಿನ್ಯಾಗ ಅತ್ತಾಕಿ ನಾನು. ನಿಮ್ಮ ಮಂಜಲ್ಲ.”

ಚೌಗುಲೆ ಅವಳ ಎದುರಿನ ಬೆಂಚಿನ ಮೇಲೆ ಕುಳಿತರು. “ನೀ ಗೆದ್ದಿ ಅಂತ ತಿಳಿ. ನಾಳೆ ಅವರಿಗೆ ಗೊತ್ತಾತು. ಏನಂತಾರ? ಕಳ್ಳ ನೆಲ ಅಂತಾರ. ಗುಟ್ಟು ಮುಚ್ಚಿಟ್ಟು ಗೆದ್ರ ಅದು ವಿಜ್ಞಾನನೂ ಅಲ್ಲ, ಆಟನೂ ಅಲ್ಲವ್ವಾ. ಗಾರುಡಿ.”

“ಗಾರುಡಿ ಆಗಿದ್ರೂ ನಡೀತಿತ್ತು ಬಿಡ್ರಿ,” ಎಂದು ಅವಳು ಗೊಣಗಿದಳು. ಆದರೂ ಹಾಳೆಯನ್ನು ಹರಿಯಲಿಲ್ಲ.

ಹೊರಗೆ ವಿದೇಶಿ ತರಬೇತುದಾರರು ಸೂಚನೆಯನ್ನು ಓದಿ ಭುಜ ಕುಣಿಸಿ ಹೋಗುತ್ತಿದ್ದರು. ಇನ್ನೊಬ್ಬರು ಗೀರಿದ ಮಂಜಿನ ಮೇಲೆ ಅಲಗು ಇಡಬಾರದು, ಹೊಸ ಮಂಜನ್ನು ಹುಡುಕಬೇಕು ಎಂಬುದು ಶೀತದ ನಾಡಿನ ಮಗು ಕಲಿಯುವ ಮೊದಲ ಪಾಠ. ಆತಿಥೇಯರು ಅದಕ್ಕೆ ವಿರುದ್ಧವಾದುದನ್ನು ಹೇಳಿದರೆ ಯಾರು ನಂಬಿಯಾರು?

ಇಬ್ಬಿಬ್ಬರಾಗಿ ಓಡುವ ಈ ಸ್ಪರ್ಧೆಯ ಕೊನೆಯ ಜೋಡಿಯಲ್ಲಿ ನೀಲಾಂಬಿಕಾಳ ಜೊತೆ ಓಡಬೇಕಿದ್ದವಳು ನಾರ್ವೆಯ ಸುನ್ನಿವಾ, ವಿಶ್ವ ದಾಖಲೆಯ ಒಡತಿ. ಪಡಸಾಲೆಯಲ್ಲಿ ಕುಳಿತು ತನ್ನ ಅಲಗುಗಳನ್ನು ತಾನೇ ಸಾಣೆ ಹಿಡಿಯುತ್ತಿದ್ದಳು. ಆ ಕೆಲಸವನ್ನು ಯಾವ ಸ್ಪರ್ಧಿಯೂ ಬೇರೆಯವರಿಗೆ ಬಿಡುವುದಿಲ್ಲ. ನೀಲಾಂಬಿಕಾ ಹತ್ತಿರ ಹೋಗಿ ನಿಂತಳು.

“ಆ ಸೂಚನೆ ನಿಜವೇ?” ಸುನ್ನಿವಾ ಇಂಗ್ಲಿಷಿನಲ್ಲಿ ಕೇಳಿದಳು.

“ನಿಜ.”

“ನನ್ನ ಜಾಗದಲ್ಲಿ ನೀನಿದ್ದರೆ ನಂಬುತ್ತಿದ್ದೆಯಾ?”

“ಇಲ್ಲ.”

ಇಬ್ಬರೂ ನಕ್ಕರು.

ಗುಂಡು ಹಾರಿತು. ಹನ್ನೆರಡೂವರೆ ಸುತ್ತು. ಒಳಗೊಂದು, ಹೊರಗೊಂದು ಪಥ. ಸುತ್ತಿಗೊಮ್ಮೆ ಇಬ್ಬರೂ ಪಥ ಬದಲಿಸಬೇಕು. ಆಗ ಪ್ರತಿಯೊಬ್ಬಳೂ ಇನ್ನೊಬ್ಬಳು ಆಗತಾನೆ ಹಾದುಹೋದ ಪಥಕ್ಕೆ ಇಳಿಯುತ್ತಾಳೆ. ಸುನ್ನಿವಾ ಜಾಡುಗಳನ್ನು ತಪ್ಪಿಸಿ ಅಂಚಿನ ಹೊಸ ಮಂಜಿನಲ್ಲಿ ಓಡಿದಳು. ನೀಲಾಂಬಿಕಾ ಜಾಡು ಬಿಡಲಿಲ್ಲ. ಆರನೆಯ ಸುತ್ತಿಗೆ ಅವಳು ಒಂದೂವರೆ ಸೆಕೆಂಡ್ ಮುಂದಿದ್ದಳು.

ಕೋಚ್ ಇಮಾಮಸಾಬ ನದಾಫ ಸುತ್ತಿನ ಸಮಯ ಬರೆದ ಹಲಗೆ ಹಿಡಿದು ಬಾಗಿ ಕೂಗಿದರು. “ಕೆಳಗ ಕುಂಡ್ರು! ಇನ್ನೂ ಕೆಳಗ! ಎದ್ದು ನಿಂದ್ರೂದು ಮನ್ಯಾಗ ಇದ್ದದ್ದ!”

ಏಳನೆಯ ಸುತ್ತಿನಲ್ಲಿ ಬೆನ್ನ ಹಿಂದಿನ ಸದ್ದು ಬದಲಾಯಿತು. ಪ್ರತಿ ಹೆಜ್ಜೆಗೂ ಹಿಮ್ಮಡಿಯಿಂದ ಕಳಚಿಕೊಳ್ಳುವ ಅಲಗು ಮತ್ತೆ ಬೂಟಿಗೆ ಬಡಿಯುವ ‘ಟಪ್’ ಎಂಬ ಶಬ್ದಗಳ ನಡುವಿನ ಬಿಡುವು ಉದ್ದವಾಗಿತ್ತು. ಅಂದರೆ ಒಂದೊಂದು ತಳ್ಳಿಗೂ ಸುನ್ನಿವಾ ಹೆಚ್ಚು ದೂರ ಜಾರುತ್ತಿದ್ದಳು. ಅವಳು ಜಾಡಿಗೆ ಬಂದಿದ್ದಳು.

ನೀಲಾಂಬಿಕಾ ಇನ್ನೂ ಕೆಳಗೆ ಬಾಗಿದಳು. ಆ ಸೂಚನೆ ನಿಜವೆಂದು ಹೇಳಬಾರದಿತ್ತು. ಹತ್ತನೆಯ ಸುತ್ತಿಗೆ ಅಂತರ ಅಳಿಸಿಹೋಯಿತು. ಆದರೆ ಪಥ ಬದಲಿಸಿ ಸುನ್ನಿವಾಳ ಗೆರೆಗೆ ಇಳಿದಾಗ ನೀಲಾಂಬಿಕಾಳ ಕಾಲಿಗೆ ಹೊಸದೇನೋ ತಾಗಿತು. ಈಗ ಇಬ್ಬರ ಅಲಗೂ ಒಂದೇ ಗೆರೆಯನ್ನು ತೀಡುತ್ತಿದ್ದವು. ಆರು ವರ್ಷಗಳ ಒಂಟಿ ಅಭ್ಯಾಸದಲ್ಲಿ ಇಂಥ ಜಾರು ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಎದುರಾಳಿ ತನಗಾಗಿ ದಾರಿ ಮಾಡುತ್ತಿದ್ದಳು, ತಾನು ಎದುರಾಳಿಗೆ. ನದಾಫರ ಹಲಗೆಯ ಮೇಲೆ ಸುತ್ತಿನ ಸಮಯ ಇಪ್ಪತ್ತೊಂಬತ್ತು ಪಾಯಿಂಟ್ ಎಂಟು ಸೆಕೆಂಡ್ ಎಂದಿತ್ತು. ಐದು ಸಾವಿರ ಮೀಟರಿನ ಕೊನೆಯ ಸುತ್ತುಗಳಲ್ಲಿ ಯಾವ ಹೆಂಗಸೂ ಕಾಣದ ಅಂಕಿ.

ಕೊನೆಯ ತಿರುವು. ತೊಡೆಗಳು ಉರಿಯುತ್ತಿದ್ದವು, ಕಣ್ಣಂಚು ಕಪ್ಪಾಗುತ್ತಿತ್ತು. ಸುನ್ನಿವಾಳ ಅಲಗು ಜಾಡಿನಿಂದ ಒಂದು ಗೇಣು ಸರಿದದ್ದು ಕಾಣಿಸಿತು. ದಣಿದ ಕಾಲು ಹಳೆಯ ಪಾಠಕ್ಕೆ ಮರಳಿತ್ತು. ನೀಲಾಂಬಿಕಾ ಬೆಳಗಾವಿಯ ತಗ್ಗುದಿನ್ನೆಯ ರಸ್ತೆಗಳಲ್ಲಿ ಎರಡು ಬೆರಳಗಲದ ಡಾಂಬರಿನ ಮೇಲೆ ಗಾಲಿ ಉರುಳಿಸಿ ಬೆಳೆದವಳು. ಕಣ್ಣು ಕಾಣದಿದ್ದರೂ ಅವಳ ಕಾಲು ಗೆರೆ ಬಿಡಲಿಲ್ಲ. ಅವಳು ಮುಕ್ತಾಯದ ಗೆರೆಗೆ ಅಲಗನ್ನು ಮುಂದಕ್ಕೆ ಚಾಚಿದಳು.

ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿನ ಅಂತರ. ಇಬ್ಬರೂ ವಿಶ್ವ ದಾಖಲೆಯ ಒಳಗೆ, ಮೊದಲಿಗಳು ನೀಲಾಂಬಿಕಾ.

ಚಾವಣಿ ಹಾರಿಹೋಗುವಂಥ ಕೂಗು. ನದಾಫರು ಹಲಗೆ ಎಸೆದು ಮಂಜಿಗೆ ಇಳಿದು ದೊಪ್ಪನೆ ಬಿದ್ದರು. ಬಿದ್ದಲ್ಲೇ ಕುಳಿತು ಚಪ್ಪಾಳೆ ತಟ್ಟಿದರು. ಚೌಗುಲೆ ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ಸಮಿತಿಯವರು ಆಕ್ಷೇಪಣೆ ಇದೆಯೇ ಎಂದು ಕೇಳಿದಾಗ ಮೊದಲು ಎದ್ದವಳು ಸುನ್ನಿವಾ. “ನಾನು ಸೋತಿದ್ದು ಮಂಜಿನ ಮೇಲೆ,” ಎಂದಷ್ಟೇ ಹೇಳಿ ಕುಳಿತಳು. ದಾಖಲೆ ಉಳಿಯಿತು.

ಆಮೇಲೆ ಸುನ್ನಿವಾ ಚೌಗುಲೆಯವರನ್ನು ಹುಡುಕಿಕೊಂಡು ಬಂದಳು. “ನಮ್ಮೂರ ಕೆರೆಯ ಮೇಲೆ ಇದನ್ನು ಹರಡಬಹುದೇ?”

“ಹರಡಬಹುದು. ಆ ಕೆರೆ ಕಡೆಯದಾಗಿ ಹೆಪ್ಪುಗಟ್ಟಿದ್ದು ಯಾವಾಗ?”

“ನಾನು ಹುಟ್ಟುವ ಮೊದಲು.”

ಕೊರಳಲ್ಲಿ ಪದಕವಿದ್ದ ನೀಲಾಂಬಿಕಾ ಕೇಳಿದಳು, “ಒಂದೇ ವರ್ಷದಲ್ಲಿ ನಿಂತುಹೋಯಿತೇ?”

“ಇಲ್ಲ. ನನ್ನ ಅಜ್ಜಿ ಪ್ರತಿ ಚಳಿಗಾಲ ರಂಧ್ರ ಕೊರೆದು ಮಂಜಿನ ದಪ್ಪ ಅಳೆಯುತ್ತಿದ್ದಳು. ನಲವತ್ತು ಸೆಂಟಿಮೀಟರ್, ಮೂವತ್ತಾರು, ಇಪ್ಪತ್ತೆಂಟು. ಆ ಪುಸ್ತಕ ನನ್ನ ಬಳಿ ಇದೆ. ಎರಡು ಸಾವಿರದ ಇಪ್ಪತ್ತಾರರ ಪುಟದಲ್ಲಿ ಹತ್ತೊಂಬತ್ತು.”

“ಹಾಗಾದರೆ ಮಂಜು ತೆಳುವಾಗುತ್ತಿರುವುದು ಅವರಿಗೆ ಗೊತ್ತಿತ್ತು.”

“ಗೊತ್ತಿತ್ತು,” ಎಂದಳು ಸುನ್ನಿವಾ. “ಪಕ್ಕದಲ್ಲಿ ಬರೆದಿದ್ದಾಳೆ: ಒಬ್ಬಳು ಜಾರಲು ಇಷ್ಟು ದಪ್ಪ ಧಾರಾಳವಾಗಿ ಸಾಕು.”