ಪುಟ್ಟ ಪಾದಕ್ಕೆ ಅಂಟಿದ ಸಿಹಿ

"ನಿಲ್ಸಿ! ಈಗ ತಾನೇ ಚುಚ್ಚಿದ್ರಲ್ಲ, ಮತ್ಯಾಕೆ?"

ಚಿಕ್ಕಮ್ಮ ತೊಟ್ಟಿಲಿಗೆ ಅಡ್ಡ ನಿಂತಳು. ಚಿಕ್ಕಮ್ಮನಾಗಿ ಇನ್ನೂ ಅರ್ಧ ದಿನವೂ ಆಗಿಲ್ಲ, ಆಗಲೇ ಆ ಜೋರು ನೋಡಿ! ಹೆತ್ತ ಅಕ್ಕ ಪಕ್ಕದ ಮಂಚದಲ್ಲಿ ಸುಸ್ತಾಗಿ ಕಣ್ಣು ಮುಚ್ಚಿದ್ದಳು.

ಎದುರಿಗಿದ್ದ ನರ್ಸ್ ಅಲುಗಲಿಲ್ಲ. ಎತ್ತರದ ಆಳು, ಮೆತ್ತಗಿನ ದನಿ. ಮಗುವಿನ ಪಾದವನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದ.

"ಮೀಟರ್ ಏನೋ ಸಕ್ಕರೆ ಸಾಕಷ್ಟಿದೆ ಅಂತಿದೆ. ಆದ್ರೆ ಮಗು ಕೈ ನಡುಗ್ತಿದೆ, ಹಾಲೂ ಎಳೀತಿಲ್ಲ. ಇದು ಸಕ್ಕರೆ ಕಮ್ಮಿಯಾದ ಲಕ್ಷಣ, ಮೀಟರ್ ಮೇಲೆ ಯಾಕೋ ನಂಬಿಕೆ ಬರ್ತಿಲ್ಲ."

"ಅಕ್ಕನಿಗೆ ಸಕ್ಕರೆ ಜಾಸ್ತಿ. ಮಗುಗೆ ಹೇಗೆ ಕಮ್ಮಿ ಆಗತ್ತೆ?" ಸಿಟ್ಟಿನ ನಡುವೆಯೂ ಅವಳ ಕುತೂಹಲ ಸುಮ್ಮನಿರಲಿಲ್ಲ.

"ಹೊಟ್ಟೇಲಿದ್ದಾಗ ಅಮ್ಮನಿಂದ ಸಕ್ಕರೆ ಧಾರಾಳವಾಗಿ ಬರ್ತಿತ್ತು. ಅದಕ್ಕೇ ಮಗು ಅದನ್ನ ಇಳಿಸೋ ಇನ್ಸುಲಿನ್ ಜಾಸ್ತಿ ಮಾಡೋದು ಕಲ್ತಿದೆ. ಹೊಕ್ಕುಳಬಳ್ಳಿ ಕತ್ತರಿಸಿದ್ಮೇಲೆ ಸಕ್ಕರೆ ನಿಂತ್ಹೋಯ್ತು. ಇನ್ಸುಲಿನ್ ಅಷ್ಟು ಬೇಗ ನಿಲ್ಬೇಕಲ್ಲ?" ಅವನು ತಲೆಯೆತ್ತಿದ. "ಸಿಹಿ ಮುಟ್ಟಿದ ಕೈಯಲ್ಲಿ ಯಾರಾದ್ರೂ ಈ ಪಾದ ಹಿಡಿದ್ರಾ? ಚರ್ಮಕ್ಕೆ ಸಿಹಿ ಅಂಟಿದ್ರೆ ಮೀಟರ್ ಜಾಸ್ತಿ ತೋರ್ಸತ್ತೆ."

ಸ್ವಲ್ಪ ಮುಂಚೆ ಅವಳು ತನ್ನ ಸಕ್ಕರೆ ಇಳಿದು ತಲೆ ಸುತ್ತಿತೆಂದು ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಂಡಿದ್ದಳು... ಅದೇ ಕೈಯಲ್ಲಿ ಪಾದ ಹಿಡಿದು ಮುದ್ದಾಡಿದ್ದಳು! ಅವಳಿಗೂ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಆದರೆ ಮಗು...

"ನಾನೇ! ನನಗೂ ಶುಗರ್ ಇದೆ..."

ಅವನು ತಕ್ಷಣ ಪಾದ ತೊಳೆದು, ಒರೆಸಿ, ಮತ್ತೆ ಚುಚ್ಚಿದ. ಸಕ್ಕರೆ ಪಾತಾಳಕ್ಕಿಳಿದಿತ್ತು! ಡಾಕ್ಟರಮ್ಮ ಓಡಿ ಬಂದರು. ಕೆನ್ನೆಯೊಳಗೆ ಗ್ಲೂಕೋಸ್ ಜೆಲ್ ಸವರಿ, ಮಗುವನ್ನು ಅಕ್ಕನ ಎದೆಗಿಟ್ಟರು. ಸ್ವಲ್ಪ ಹೊತ್ತಿಗೆ ಮಗು ಚಪ್ಪರಿಸತೊಡಗಿತು. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು.

ಅವನು ಮಾತ್ರ ಅವಳತ್ತ ತಿರುಗಿಯೂ ನೋಡದೆ ಹೊರಟುಹೋದ. 'ಕಾಯಿಲೆಯವಳು ಅಂತ ಗೊತ್ತಾಯ್ತಲ್ಲ... ಸರಿ ಬಿಡು.' ಅವಳಿಗೆ ಅಳು ಒತ್ತರಿಸಿ ಬಂತು. ಆಮೇಲೆ ಅವನು ಬಂದಾಗಲೆಲ್ಲ ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದಳು.

ಮನೆಗೆ ಹೊರಡುವ ದಿನ ಅವನೇ ದಾರಿಗಡ್ಡ ನಿಂತ.

"ನನ್ನ ಕಂಡ್ರೆ ಯಾಕೆ ಓಡ್ತೀರಿ?"

"ಮುಖ ತಿರುಗಿಸ್ಕೊಂಡು ಹೋದೋರು ನೀವು!"

"ಅಯ್ಯೋ, ಪಕ್ಕದ ವಾರ್ಡಲ್ಲಿ ಇನ್ನೊಂದು ಮಗು ಕಾಯ್ತಿತ್ತು ಕಣ್ರೀ! ನೀವು ಮುಚ್ಚಿಡದೆ ಹೇಳಿದ್ರಲ್ಲ... ಆ ಧೈರ್ಯ ನನ್ನ ಮನಸ್ಸಿಂದ ಹೋಗ್ತಾನೇ ಇಲ್ಲ. ನೀವಂದ್ರೆ ನನಗಿಷ್ಟ."

ಇಷ್ಟು ದಿನ ಮದುವೆಯೇ ಬೇಡವೆನ್ನಿಸಿದ್ದ ಭಯ ಅವಳ ಅಳುವಿನ ಜೊತೆ ಹೊರಬಿತ್ತು. "ನಾಳೆ ನನ್ನ ಮಗುಗೂ ಹೀಗೇ ಆದ್ರೆ?"

"ಆಗದ ಹಾಗೆ ಮೊದಲಿಂದ್ಲೇ ನೋಡ್ಕೊಳ್ಳೋಣ. ಆದ್ರೂ ಆಯ್ತು ಅಂದ್ರೆ... ಅದರ ಅಪ್ಪಂಗೆ ಈ ಕೆಲಸ ಬರತ್ತಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ರೀ! ಮದುವೆ ಬಿಟ್ಟು ನೇರ ಮಗುಗೇ ಹೋದ್ರಾ?"

"ತಪ್ಪಾಯ್ತು... ಮೊದಲು ಮದುವೆ ಕೇಳ್ಬೇಕಿತ್ತು."

"ಹಾಗಾದ್ರೆ ಈಗ ಕೇಳಿ," ಎಂದಳು.