ಮೇರಿ ಕಿಲ್ಬೇನ್ ಬರೆದ ಆಕ್ಷೇಪಣೆ

ಮನೆಯ ನಕ್ಷೆಯಲ್ಲಿ ಆ ಸ್ಟೋರ್ ರೂಮು ಇಲ್ಲದೇ ಹೋಗಿದ್ದರೆ ಯಶೋಧರ ಅಪರಾಧಿಯಾಗುತ್ತಿರಲಿಲ್ಲ. ಐರ್ಲೆಂಡಿನಿಂದ ತಿಲಕ್ ವಿಡಿಯೊ ಕಾಲ್ ಮಾಡಿ, ತಾನು ಕಟ್ಟಿಸಲಿರುವ ನಾಲ್ಕು ಬೆಡ್‌ರೂಮಿನ ಮನೆಯ ನಕ್ಷೆಯನ್ನು ಕ್ಯಾಮೆರಾದ ಮುಂದೆ ಹಿಡಿದು, ಅಡುಗೆಮನೆಯ ಹಿಂದಿದ್ದ ಒಂದು ಚಿಕ್ಕ ಚೌಕದ ಮೇಲೆ ಬೆರಳಿಟ್ಟಿದ್ದ.

"ಇದು ಸ್ಟೋರ್ ರೂಮ್, ಯಶಣ್ಣ. ನೀವು ಬಂದ್ರೆ ನಿಮ್ಗೆ ಬೇಜಾರಾಗ್ಬಾರ್ದಲ್ವಾ."

ಯಶೋಧರನ ಹೆಂಡತಿ ಚಂಪಾ ನಕ್ಕಳು. ಮಗಳು ಶರಣ್ಯಾ ಇನ್ನೂ ಜೋರಾಗಿ ನಕ್ಕಳು. ಯಶೋಧರನೂ ನಕ್ಕ, ಬೇರೇನು ಮಾಡಲು ಸಾಧ್ಯವಿತ್ತು? ಆದರೆ ಕುವೈತಿನ ಖೈತಾನಿನಲ್ಲಿದ್ದ ಆ ಎರಡು ಕೋಣೆಯ ಫ್ಲಾಟಿನಲ್ಲಿ ಅಂದು ಅವನಿಗೆ ಊಟ ಸೇರಲಿಲ್ಲ.

ಮೀನಾ ಅಬ್ದುಲ್ಲಾ ಎಂಬಲ್ಲಿನ ಗೋದಾಮಿನಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಸ್ಟೋರ್‌ಕೀಪರ್. ತಿಲಕ್ ಮಂಗಳೂರಿನಿಂದ ಬಂದಾಗ ಎಂಟು ತಿಂಗಳು ಮಲಗಿದ್ದು ಇದೇ ಫ್ಲಾಟಿನ ನೆಲದ ಮೇಲೆ. ನಟ್ಟು ಯಾವುದು, ವಾಷರ್ ಯಾವುದು ಎಂದು ಕೈಹಿಡಿದು ಕಲಿಸಿದ್ದು ಯಶೋಧರ. ಆಮೇಲೆ ಹುಡುಗ ಜಾಬ್ರಿಯಾದ ನರ್ಸ್ ತೃಷಾಳನ್ನು ಮದುವೆಯಾದ, ಅವಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು, ಇವನು ಅವಳ ಹಿಂದೆ ವಿಮಾನ ಹತ್ತಿದ. ಬೀಳ್ಕೊಡುಗೆಯ ದಿನ ಮೈಕು ಹಿಡಿದು ತನ್ನ ಗುರುವನ್ನು ತಮಾಷೆ ಮಾಡಿದ. ಯಶಣ್ಣ ಬೋಲ್ಟುಗಳನ್ನು ಎರಡೆರಡು ಸಲ ಎಣಿಸುತ್ತಾರೆ, ಸ್ಟೇಪ್ಲರನ್ನು ಬೀಗ ಹಾಕಿಡುತ್ತಾರೆ, ಚಹಾದ ಚೀಟಿಯನ್ನೂ ದೇವರ ಹೆಸರು ಹಾಕದೆ ಬರೆಯುವವರಲ್ಲ, ನಮಗೆ ವೀಸಾ ಕೊಟ್ಟ ಧಣಿ ಕಫೀಲ್ ಬಂದು ನಿಂತರೂ ಸಹಿ ಇಲ್ಲದೆ ಒಂದು ಮೊಳೆ ಕೊಡುವವರಲ್ಲ ಎಂದೆಲ್ಲ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತುಗಳನ್ನು ಯಶೋಧರ ಮರೆತಿದ್ದ. ಆ ಚಪ್ಪಾಳೆ ಮಾತ್ರ ಕಿವಿಯಲ್ಲಿ ಉಳಿದಿತ್ತು.

ಈಗ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಡಿಸೆಂಬರಿನ ನಂತರ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ನವೀಕರಿಸುವುದಿಲ್ಲವೆಂದು ಕಂಪನಿ ಹೇಳಿಬಿಟ್ಟಿತ್ತು. ಮನೆ ನಡೆಯಬೇಕಾದರೆ ಇನ್ನು ಶರಣ್ಯಾಳೇ ಗತಿ. ನರ್ಸಿಂಗ್ ಮುಗಿಸಿದ ಅವಳಿಗಾಗಿ ತೃಷಾ ತನ್ನ ಆಸ್ಪತ್ರೆಯಲ್ಲಿ ಮಾತಾಡಿಟ್ಟಿದ್ದಳು. ಕೆಲಸ ಸಿಕ್ಕ ಮೇಲೆ ಮೊದಲ ಆರು ತಿಂಗಳು ತಮ್ಮ ಬಾಡಿಗೆ ಮನೆಯಲ್ಲೇ ಇರಲಿ ಎಂದೂ ಹೇಳಿದ್ದಳು. ಹೀಗೆ ಅವನ ಮನೆಯ ಅನ್ನದ ದಾರಿ ತಿಲಕನ ಬಾಗಿಲ ಮುಂದಿನಿಂದಲೇ ಹಾದುಹೋಗಬೇಕಾಗಿತ್ತು. ಉಪಕಾರ ಮಾಡಿದವನಿಗೆ ಉಪಕಾರ ಪಡೆಯುವುದು ಎಷ್ಟು ಕಷ್ಟವೆಂದು ಚಂಪಾಳಿಗೆ ಹೇಗೆ ತಿಳಿಯಬೇಕು? ಅವಳು ದಿನಕ್ಕೆ ನಾಲ್ಕು ಬಾರಿ ತಿಲಕನನ್ನು ಹೊಗಳುತ್ತಿದ್ದಳು.

ದಾರಿ ತೋರಿಸಿದ್ದು ತಿಲಕನೇ. ಮನೆ ಕಟ್ಟಲು ಅಲ್ಲಿನ ಕೌಂಟಿ ಕೌನ್ಸಿಲ್ ಅನುಮತಿ ಕೊಡಬೇಕು, ಅರ್ಜಿ ಹಾಕಿದ್ದೇನೆ, ನಕ್ಷೆ ಅವರ ವೆಬ್‌ಸೈಟಿನಲ್ಲೇ ಇದೆ ನೋಡಿ ಎಂದು ಲಿಂಕ್ ಕಳಿಸಿದ್ದ. ಕೌನ್ಸಿಲಿನ ಚುನಾವಣೆಯಲ್ಲಿ ತಾನೂ ವೋಟು ಹಾಕಿದೆ, ಅಲ್ಲಿ ವಾಸವಿದ್ದರೆ ಸಾಕು, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ನಡೆಯುತ್ತದೆ ಎಂದು ಕೊಚ್ಚಿಕೊಂಡಿದ್ದ. ಇಪ್ಪತ್ತೆಂಟು ವರ್ಷ ಇದ್ದ ಊರಿನಲ್ಲಿ ಯಶೋಧರನ ಮಾತಿಗೆ ಕೆಟ್ಟ ಲಿಫ್ಟು ಕೂಡ ರಿಪೇರಿಯಾಗಿರಲಿಲ್ಲ.

ಒಂದು ವಾರ ಅವನು ಆ ವೆಬ್‌ಸೈಟನ್ನು ಪರೀಕ್ಷೆಗೆ ಓದುವವನಂತೆ ಓದಿದ. ರಸ್ತೆ, ಸೇತುವೆಗಳ ಅಧಿಕಾರ ಮೊದಲು ದೊಡ್ಡ ಜಮೀನುದಾರರ ಕೈಯಲ್ಲಿತ್ತು. 1898ರ ಕಾನೂನು ಅದನ್ನು ಕಿತ್ತು ಕೌಂಟಿ ಕೌನ್ಸಿಲುಗಳಿಗೆ ಕೊಟ್ಟಿತು, ಮರುವರ್ಷ ಜನರೇ ಆರಿಸಿದ ಸದಸ್ಯರು ಬಂದು ಕೂತರು. ಈಗ ಲೈಬ್ರರಿ, ಅಗ್ನಿಶಾಮಕ ದಳ, ರಸ್ತೆ ಎಲ್ಲ ಅವರದೇ. ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಆದರೆ ಮನೆಗೆ ಅನುಮತಿ ಕೊಡುವುದು ಸದಸ್ಯರಲ್ಲ, ಅಧಿಕಾರಿಗಳು. ಅರ್ಜಿ ಬಂದ ಐದು ವಾರದೊಳಗೆ ಯಾರು ಬೇಕಾದರೂ ಇಪ್ಪತ್ತು ಯೂರೋ ಶುಲ್ಕ ಕಟ್ಟಿ, ಹೆಸರು ವಿಳಾಸ ಕೊಟ್ಟು ಆಕ್ಷೇಪಣೆ ಬರೆಯಬಹುದು. ಬಂದ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ ಊರೆಲ್ಲ ನೋಡುವಂತೆ ಹಾಕುತ್ತಾರೆ. ಎಂಥ ಸುಂದರ ವ್ಯವಸ್ಥೆ ಎಂದು ಯಶೋಧರನಿಗೆ ಮನಸಾರೆ ಅನ್ನಿಸಿತು. ಮಗಳ ಕೆಲಸಕ್ಕೂ ತಿಲಕನ ಮನೆಗೂ ಯಾವ ಸಂಬಂಧವೂ ಇಲ್ಲವೆಂದು ತನಗೆ ತಾನೇ ಎರಡು ಸಲ ಹೇಳಿಕೊಂಡ.

ಆಕ್ಷೇಪಣೆಯ ಕಾರಣವನ್ನೂ ತಿಲಕನೇ ಒದಗಿಸಿದ್ದ. ಚಳಿಗಾಲದಲ್ಲಿ ಆ ಜಾಗದಲ್ಲಿ ನೀರು ನಿಂತ ವಿಡಿಯೊ ಕಳಿಸಿ, ಇಲ್ಲಿ ಭತ್ತ ಬೆಳೀಬಹುದು ಎಂದಿದ್ದ. ಅಲ್ಲಿ ಹಳ್ಳಿಯ ಕಡೆ ಮನೆ ಕಟ್ಟುವುದಾದರೆ ಶೌಚದ ಗುಂಡಿಯ ನೀರು ನೆಲದಲ್ಲಿ ಇಂಗಬೇಕು, ಇಂಗದಿದ್ದರೆ ಅನುಮತಿಯಿಲ್ಲ. ಯಶೋಧರ ಹಳೆಯ ಆಕ್ಷೇಪಣೆಗಳನ್ನು ಹುಡುಕಿ ಓದಿದ. ಅಲ್ಲಿನ ಮುದುಕಿಯರು ಇಂದಿಗೂ ಕೈಯಲ್ಲೇ ಬರೆಯುತ್ತಾರೆ, ಅಕ್ಷರಗಳನ್ನು ಬಲಕ್ಕೆ ವಾಲಿಸುತ್ತಾರೆ. ಅಂಥದೇ ಬರಹವನ್ನು ಗೋದಾಮಿನ ಊಟದ ಬಿಡುವಿನಲ್ಲಿ ರಟ್ಟಿನ ಡಬ್ಬಗಳ ಮೇಲೆ ಹತ್ತು ದಿನ ಅಭ್ಯಾಸ ಮಾಡಿದ. ಮುದುಕಿಗೆ ಮೇರಿ ಕಿಲ್ಬೇನ್ ಎಂದು ಹೆಸರಿಟ್ಟ. ಹತ್ತಿರದ ಪೇಟೆಯ ದೊಡ್ಡ ಬಾಡಿಗೆ ಕಟ್ಟಡವೊಂದರ ವಿಳಾಸ ಕೊಟ್ಟ.

ಶುಕ್ರವಾರ ಬೆಳಿಗ್ಗೆ ತಾಯಿ ಮಗಳಿಬ್ಬರೂ ಭಜನೆಗೆ ಹೋದ ಮೇಲೆ ಬಾಗಿಲ ಚಿಲಕ ಹಾಕಿದ. ಬೆರಳ ಗುರುತು ಬೀಳದಂತೆ ಶರಣ್ಯಾಳ ರಬ್ಬರ್ ಗ್ಲೌಸ್ ತೊಟ್ಟ. ಕುರ್ಚಿ ಎಳೆದುಕೊಂಡು, ಹಾಳೆ ಸರಿಮಾಡಿ, ಎಂದಿನಂತೆ ಬರೆಯತೊಡಗಿದ. 'ಕೈಂಡ್ಲಿ ಡು ದ ನೀಡ್‌ಫುಲ್' ಎಂದು ಜಾರಿದ್ದ ಮೊದಲ ಹಾಳೆಯನ್ನು ಹರಿದು ಸುಟ್ಟ. ಎರಡನೆಯದರಲ್ಲಿ 'ರೆಸ್ಪೆಕ್ಟೆಡ್ ಸರ್' ಇತ್ತು, ಅದನ್ನೂ ಸುಟ್ಟ. ಮೂರನೆಯದರಲ್ಲಿ ಮಂಗಳೂರಿನ ವಾಸನೆ ಎಳ್ಳಷ್ಟೂ ಇರಲಿಲ್ಲ. ಅರವತ್ತು ವರ್ಷದಿಂದ ಆ ಗದ್ದೆ ಮುಳುಗುವುದನ್ನು ನೋಡುತ್ತಿರುವ ವಿಧವೆಯ ಸಂಕಟವನ್ನು ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ ಅವಳ ಬಗ್ಗೆ ಅವನಿಗೇ ಕನಿಕರ ಬಂತು. ತಾರೀಕಿನಿಂದ ಸಹಿಯವರೆಗೆ ನಾಲ್ಕು ಬಾರಿ ಓದಿದ. ಒಂದು ಅಲ್ಪವಿರಾಮವೂ ಅವನನ್ನು ತೋರಿಸಿಕೊಡುತ್ತಿರಲಿಲ್ಲ.

ಕುವೈತಿನ ಅಂಚೆಮುದ್ರೆ ಬೀಳಬಾರದಲ್ಲ, ಅದಕ್ಕೂ ಉಪಾಯವಿತ್ತು. ಜಾಬ್ರಿಯಾದ ಕ್ಲಿನಿಕ್ಕಿನ ನರ್ಸ್ ಫಾತಿಮತ್ ಶಹನಾ ಅದೇ ವಾರ ಡಬ್ಲಿನ್ನಿಗೆ ಹೊರಟಿದ್ದಳು. ಇಪ್ಪತ್ತು ಯೂರೋದ ನೋಟನ್ನೂ ಒಳಗಿಟ್ಟು ಅಂಟಿಸಿದ ಲಕೋಟೆ ಕೊಟ್ಟು, ಶರಣ್ಯಾಳ ಯಾವುದೋ ಅರ್ಜಿ, ಅಲ್ಲೇ ಸ್ಟ್ಯಾಂಪ್ ಹಚ್ಚಿ ಡಬ್ಬಕ್ಕೆ ಹಾಕಮ್ಮಾ ಎಂದ. ಆಯ್ತು ಅಂಕಲ್ ಎಂದು ಅವಳು ಬ್ಯಾಗಿಗೆ ಹಾಕಿಕೊಂಡಳು. ಅಲ್ಲಿಗೆ ಖಲಾಸ್. ಅಂದು ಯಶೋಧರ ಎಷ್ಟೋ ತಿಂಗಳ ನಂತರ ಹೊಟ್ಟೆ ತುಂಬ ಉಂಡ.

ಮೂರು ವಾರ ಕಳೆದು ಮತ್ತೊಂದು ಶುಕ್ರವಾರ, ಮೂವರೂ ಬಂಗುಡೆ ಸಾರಿನಲ್ಲಿ ಊಟ ಮಾಡುತ್ತಿದ್ದಾಗ ತಿಲಕನ ಫೋನು ಬಂತು. ಚಂಪಾ ಸ್ಪೀಕರಿಗೆ ಹಾಕಿದಳು. ಯಾರೋ ಮನೆಗೆ ಅಡ್ಡ ಬಂದು ಕೌನ್ಸಿಲಿಗೆ ಕಾಗದ ಬರೆದಿದ್ದಾರಂತೆ. ಯಶೋಧರ ಇದಕ್ಕೂ ತಯಾರಾಗಿದ್ದ. ಛೆ, ಯಾರು ಮಾರಾಯ ಅದು, ನಿನ್ನಂಥವನಿಗೂ ಅಡ್ಡ ಹಾಕುವವರು ಉಂಟಾ ಎಂದು ನೊಂದ ದನಿಯಲ್ಲಿ ಕೇಳಿದ.

"ಮೇರಿ ಕಿಲ್ಬೇನ್ ಅಂತೆ," ಎಂದ ತಿಲಕ್. ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ಅತ್ತಿಗೆಯ ಫೋನಿಗೆ ಕಳಿಸಿದ್ದೇನೆ. ನೀವೇ ನೋಡಿ ಹೇಳಿ ಯಶಣ್ಣ, ಯಾರಿರಬಹುದು ಅಂತ. ತೃಷಾನೂ ನೋಡಿದ್ಳು." ಅಷ್ಟು ಹೇಳಿ ಫೋನ್ ಇಟ್ಟ.

ಶರಣ್ಯಾ ಎಡಗೈಯಲ್ಲಿ ಫೋನ್ ಎತ್ತಿಕೊಂಡು ಕಾಗದವನ್ನು ಗಟ್ಟಿಯಾಗಿ ಓದಿದಳು. ಯಶೋಧರ ತಲೆಯಾಡಿಸುತ್ತ ಕೇಳಿದ, ಒಂದು ವಾಕ್ಯವೂ ತಪ್ಪಿರಲಿಲ್ಲ. ಓದಿ ಮುಗಿಸಿದವಳು ಮತ್ತೆ ಮೇಲಕ್ಕೆ ಹೋಗಿ, ಹಾಳೆಯ ತುದಿಯನ್ನು ದೊಡ್ಡದು ಮಾಡಿ ನೋಡಿದಳು. ಕುವೈತಿನಲ್ಲೇ ಹುಟ್ಟಿದ ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ಎಲ್‌ಕೆಜಿಯಿಂದ ಹನ್ನೆರಡನೆಯ ತರಗತಿಯವರೆಗೆ ಅಪ್ಪ ಬರೆದುಕೊಟ್ಟ ಒಂದೊಂದು ರಜಾಚೀಟಿಯ ಮೇಲೂ ಅವಳು ಆ ಅಕ್ಷರಗಳನ್ನು ನೋಡಿದ್ದಳು. "ಪಪ್ಪಾ, ದಿಸ್ ಈಸ್ ಯುವರ್ಸ್," ಎಂದು ಮೆಲ್ಲಗೆ ಹೇಳಿ ಫೋನನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಐರ್ಲೆಂಡಿನ ವಿಧವೆ ಮೇರಿ ಕಿಲ್ಬೇನ್, ತಾರೀಕಿಗೂ ಮೇಲೆ, ಹಾಳೆಯ ನೆತ್ತಿಯ ನಟ್ಟನಡುವೆ, ಸಾಸಿವೆ ಗಾತ್ರದ ಕನ್ನಡದಲ್ಲಿ 'ಶ್ರೀ ದುರ್ಗಾ ಪ್ರಸನ್ನ' ಎಂದು ಬರೆದಿದ್ದಳು.