ಕರಿಯ ಒಪ್ಪಿದ ಗಂಡು

"ನಿನ್ನ ನಂಬಿ ಮಗಳನ್ನ ಕಳಿಸ್ತಾ ಇದೀನಿ ಅಂದ್ಕೋಬೇಡ ಕಣೋ! ಈ ನಾಯಿನ ನಂಬಿ ಕಳಿಸ್ತಾ ಇದೀನಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗಿಂತ ನಾಯಿಗೆ ನಿಯತ್ತು ಜಾಸ್ತಿ!"

ಬೆಂಗಳೂರಿನ ರಾಜಾಜಿನಗರ ಎಂಟ್ರೆನ್ಸ್ ಬಸ್‌ಸ್ಟಾಪಿನಲ್ಲಿ, ಹೊರಟು ನಿಂತ ವ್ಯಾನಿನ ಎದುರು, ಇಡೀ ಯುವಕ ಸಂಘದ ಮುಂದೆ ಏಕಾಂತಯ್ಯ ಹಾಗಂದುಬಿಟ್ಟರು. ಸಂಘದ ಚಕ್ರಪಾಣಿ ಕಿಸಕ್ಕನೆ ನಕ್ಕ.

ಅನ್ನಿಸಿಕೊಂಡವನು ಜಗನ್ನಾಥ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೆಲ್ಡಿಂಗ್ ಕೆಲಸ, ಸಂಘದ ಕ್ಯಾಂಪುಗಳಿಗೆಲ್ಲ ಅವನೇ ಮುಂದಾಳು. ಅವನು ಓದು ಬಿಟ್ಟಿದ್ದು ಸೋಮಾರಿತನಕ್ಕಲ್ಲ. ಅಪ್ಪ ಹಾಸಿಗೆ ಹಿಡಿದರೆ ಮನೆಯಲ್ಲಿ ಒಲೆ ಉರಿಸೋರು ಯಾರು? ಅದನ್ನ ಕೇಳೋ ಕಿವಿ ಈ ದೊಡ್ಡ ಮನುಷ್ಯರಿಗೆ ಎಲ್ಲಿದೆ!

ಏಕಾಂತಯ್ಯನವರ ಮಗಳು ಗಿರಿಜಾಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಶಿಶುವಿಹಾರದಲ್ಲಿ ಟೀಚರ್ ಆಗಿದ್ದ ಅವಳು ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ಎಪ್ಪತ್ತೆಂಟರ ಕ್ರಿಸ್‌ಮಸ್ ರಜೆಗೆ ಕಾರವಾರದಾಚೆಯ ದ್ವೀಪಗಳಲ್ಲಿ ಟೆಂಟು ಹಾಕ್ತಾರಂತೆ ಅಂದಾಗ ಅತ್ತು ಕರೆದು ಹಠ ಹಿಡಿದಿದ್ದಳು. ಅದೇ ಶಿಶುವಿಹಾರದ ಪಂಕಜಾ ಟೀಚರೂ ಅವರ ಯಜಮಾನರೂ ಜೊತೆಗಿದ್ದರೂ, ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಕರಿಯನ್ನ ಕರ್ಕೊಂಡು ಹೋಗು."

ನಾಯಿ ಕರಿಯನ ಕೀರ್ತಿ ಅವರ ಮನೆಯಿದ್ದ ಬಸವೇಶ್ವರನಗರಕ್ಕೆಲ್ಲ ಗೊತ್ತು. ಗಂಡಸರ ನೆರಳು ಕಂಡರೆ ಆಗದು. ಪೋಸ್ಟ್‌ಮ್ಯಾನ್ ಗೇಟಿನಾಚೆಯಿಂದಲೇ ಕೂಗಿ ಹೋಗ್ತಿದ್ದ. ಹೆಣ್ಣು ನೋಡೋಕೆ ಬಂದ ಎಂಜಿನಿಯರು ಉಪ್ಪಿಟ್ಟಿನ ತಟ್ಟೆ ಬಿಟ್ಟು ಕಾಂಪೌಂಡು ಹಾರಿದ್ದ!

"ಕರಿಯನಿಗೆ ಆಗದವನು ನನಗೂ ಆಗಲ್ಲ" ಅಂತ ಏಕಾಂತಯ್ಯ ಬೀದಿಗೆಲ್ಲ ಸಾರಿದ್ದರು.

ಜಗನ್ನಾಥನ ಕಿವಿ ಕೆಂಪಗಾಗಿತ್ತು. ಒಂದು ಮಾತೂ ಆಡದೆ ಹಿಂದಿನ ಸೀಟಿನಡಿ ಕರಿಯನಿಗೆ ಗೋಣಿಚೀಲ ಹಾಸಿದ. ಕರಿಯ ಗುರ್ರ್ ಅಂದ.

'ಈ ಮೌನ ಒಳ್ಳೇದಲ್ಲ... ಸೇಡು ಇಟ್ಕೊಂಡಿದ್ದಾನೆ.' ಗಿರಿಜಾ ಕರಿಯನ ಹಗ್ಗ ಬಿಗಿಯಾಗಿ ಹಿಡಿದಳು.

* * *

ಮೊದಲನೇ ದ್ವೀಪದಲ್ಲಿ ತೆಂಗಿತ್ತು, ಬಾವಿಯಿತ್ತು. ಎರಡನೆಯದು ದೂರದ್ದು. ಬರೀ ಕರಿಬಂಡೆ, ಕುರುಚಲು ಗಿಡ, ಸುತ್ತ ಕಣ್ಣು ಹರಿದಷ್ಟೂ ನೀಲಿ. ಲಾರಿ ಟಾರ್ಪಾಲಿನ ಟೆಂಟಿನ ಮುಂದೆ ಗಿರಿಜಾ ಎರಡೂ ಕೈ ಚಾಚಿ ನಿಂತಳು.

"ಅಯ್ಯೋ, ಇಷ್ಟು ದೊಡ್ಡದಾ ಲೋಕ!"

ಆದರೆ ಆ ಲೋಕದಲ್ಲಿ ಕುಡಿಯೋಕೆ ಹನಿ ನೀರಿಲ್ಲ. ದೋಣಿಯಲ್ಲಿ ತಂದ ಡ್ರಮ್ಮೇ ಗತಿ. ಮಾರನೇ ಬೆಳಿಗ್ಗೆ ಕರೆದೊಯ್ಯಬೇಕಿದ್ದ ದೋಣಿ, ಗಾಳಿ ಎದ್ದು ಬರಲೇ ಇಲ್ಲ. ಡ್ರಮ್ಮು ತಳ ಕಂಡಿತು. ಪಂಕಜಾ ಟೀಚರ್ ತಲೆಗೊಂದು ಲೋಟ ಅಳೆದು ಕೊಟ್ಟರು.

"ನಾಯಿಗೆಲ್ಲಾ ಇಲ್ಲಮ್ಮ" ಅಂದ ಚಕ್ರಪಾಣಿ. "ಮನುಷ್ಯರಿಗೇ ಗತಿಯಿಲ್ಲ!"

ಗಿರಿಜಾ ತನ್ನ ಲೋಟದಲ್ಲಿ ಅರ್ಧ ಕರಿಯನಿಗೆ ಕುಡಿಸಿದಳು. ಎಲ್ಲಿ ಸಾಲುತ್ತೆ? ನಾಲಿಗೆ ಇಳಿಬಿಟ್ಟು ಮಲಗಿಬಿಟ್ಟ.

ಮಧ್ಯಾಹ್ನ ನೋಡಿದರೆ ಕರಿಯನೇ ಇಲ್ಲ! ಹಗ್ಗ ಬಿಚ್ಚಿತ್ತು. ದೂರದಲ್ಲಿ ಜಗನ್ನಾಥ ಅವನನ್ನ ಎತ್ತಿಕೊಂಡು ಕಡಲಿನ ಕಡೆ, ಬಂಡೆ ಹಿಂದೆ ಮರೆಯಾಗ್ತಿದ್ದ...

ಗಿರಿಜಾ ಕಿರುಚುತ್ತಾ ಓಡಿದಳು. "ನಿಲ್ಲಿ! ಅಪ್ಪನ ಮೇಲಿನ ಸಿಟ್ಟು ಮೂಕಪ್ರಾಣಿ ಮೇಲೆ ತೀರಿಸ್ಕೊತೀರಾ? ಅಪ್ಪ ಅಂದಿದ್ದೇ ಸರಿ! ನಾಯಿಗಿಂತ ಕಡೆ ನೀವು!"

ಬಂಡೆ ಬಳಸಿ ಬಂದವಳು ಹಾಗೇ ನಿಂತಳು.

ನೆರಳಲ್ಲಿ ಒಂದು ತೆಂಗಿನ ಚಿಪ್ಪು. ಜಗನ್ನಾಥ ತನ್ನ ಪಾಲಿನ ನೀರನ್ನ ಪೂರ್ತಿ ಅದಕ್ಕೆ ಸುರಿದಿದ್ದ. ಕರಿಯ ಲೊಚಲೊಚ ಕುಡಿಯುತ್ತಿದ್ದ. ಜಗನ್ನಾಥನ ತುಟಿ ಬಿರಿದು ರಕ್ತ ಒಸರಿತ್ತು.

"ಅಲ್ಲಿ ಬಿಸಿಲು... ಇಲ್ಲಿ ತಂಪಿದೆ ಅಂತ ಕರ್ಕೊಂಡ್ ಬಂದೆ" ಅಂದ ಮೆಲ್ಲಗೆ.

ಗಿರಿಜಾಳ ಕಣ್ಣು ತುಂಬಿತು. "ನೀವು ಕುಡಿದ್ರಾ?"

"ನಿನ್ನೆ ಕುಡ್ದಿದೀನಿ."

"ಯಾಕ್ರೀ ಹೀಗೆ? ಅಪ್ಪ ಅಷ್ಟು ಅಂದ್ರೂ..."

"ಸಿಟ್ಟು ಬಂದಿಲ್ಲ ಅಂದ್ಕೊಂಡ್ರಾ? ಮೈಯೆಲ್ಲಾ ಉರೀತಾ ಇದೆ ಇನ್ನೂ! ಆದ್ರೆ ಇವನೇನ್ ಮಾಡ್ದ ಪಾಪ? ನಾಯಿ ಮೇಲೆ ನಂಬಿಕೆ ಅಂದ್ರಲ್ಲ... ಸರಿ, ಈ ನಾಯಿ ನಂಬಿಕೆನೇ ಮೊದ್ಲು ಗಳಿಸ್ತೀನಿ ಅಂತ ಹಠ ಬಂತು."

"ಗಳಿಸಿ?"

ಅವನು ತಲೆ ತಗ್ಗಿಸಿದ. "ಆಮೇಲೆ... ನಿಮ್ಮದು."

ಚಿಪ್ಪು ನೆಕ್ಕಿ ಮುಗಿಸಿದ ಕರಿಯ, ಗಂಡಸರ ನೆರಳು ಕಂಡರಾಗದ ಕರಿಯ, ಜಗನ್ನಾಥನ ತೊಡೆ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ!

"ನನ್ನ ಲೋಟದಲ್ಲಿ ಒಂದು ಗುಟುಕು ಉಳಿದಿದೆ" ಅಂದಳು ಗಿರಿಜಾ, ಕೆನ್ನೆ ಒರೆಸಿಕೊಳ್ಳುತ್ತಾ. "ನನ್ನ ಎಂಜಲು... ಪರವಾಗಿಲ್ವಾ?"

ಅವನ ಬಿರಿದ ತುಟಿ ಆವತ್ತು ಮೊದಲ ಸಲ ನಕ್ಕಿತು.

ಸಂಜೆ ಗಾಳಿ ಇಳಿದು ದೋಣಿ ಬಂತು.

* * *

ಮತ್ತೆ ಅದೇ ಎಂಟ್ರೆನ್ಸ್, ಅದೇ ಜನ. ವ್ಯಾನಿನಿಂದ ಇಳಿದ ಚೀಲಗಳ ರಾಶಿಯ ಪಕ್ಕ ಏಕಾಂತಯ್ಯ ಎದೆಯುಬ್ಬಿಸಿ ಕರೆದರು. "ಬಾರೋ ಕರಿಯಾ!"

ಕರಿಯ ಬಂದು ಅವರಿಗೊಮ್ಮೆ ಬಾಲ ಅಲ್ಲಾಡಿಸಿದ. ವಾಪಸ್ ಹೋಗಿ ಜಗನ್ನಾಥನ ಪಾದದ ಮೇಲೆ ಕೂತ.

"ಸಾರ್, ನಿಮ್ಮ ಪೊಲೀಸಪ್ಪನೇ ಪಾರ್ಟಿ ಬದಲಾಯಿಸಿದ್ದಾನೆ!" ಅಂದ ಚಕ್ರಪಾಣಿ. ಈ ಸಲ ನಗು ಬೇರೆ ಕಡೆ ತಿರುಗಿತ್ತು.

"ಏನೋ ಮಾಡ್ದೆ ನನ್ನ ನಾಯಿಗೆ?"

"ತನ್ನ ಪಾಲಿನ ನೀರು ಕೊಟ್ಟ ಸಾರ್" ಅಂದರು ಪಂಕಜಾ ಟೀಚರ್. "ಗಿರಿಜಾ ಬಿಟ್ರೆ ನಾವ್ಯಾರೂ ಕೊಡ್ಲಿಲ್ಲ."

ಗಿರಿಜಾ ಹೋಗಿ ಜಗನ್ನಾಥನ ಪಕ್ಕ ನಿಂತಳು.

"ಅಪ್ಪಾ, ಕರಿಯನಿಗೆ ಆಗದವನು ನಿಮಗೂ ಆಗಲ್ಲ ಅಂತಿದ್ರಿ. ಕರಿಯನಿಗೆ ಆಗಿದೆ. ನನಗೂ ಆಗಿದೆ... ನಿಮಗೆ?"

ಏಕಾಂತಯ್ಯ ನಾಯಿಯನ್ನ ನೋಡಿದರು. ಮಗಳನ್ನ ನೋಡಿದರು. ಆ ಹುಡುಗನ ಒಡೆದ ತುಟಿಯನ್ನ ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ ಒಂದು ಖಾಕಿ ಚೀಲ ಎತ್ತಿ ಹೆಗಲಿಗೇರಿಸಿಕೊಂಡರು.

"ಸಾರ್... ಅದು ನಂದು!" ಅಂದ ಜಗನ್ನಾಥ ಗಾಬರಿಯಾಗಿ.

ಗಿರಿಜಾ ಅವನ ಮೊಣಕೈ ಚಿವುಟಿದಳು. "ಸುಮ್ನಿರಿ. ಅಪ್ಪನಿಗೆ ಗೊತ್ತು."

"ಅಂದ್ರೆ?"

"ಅಂದ್ರೆ ನಮ್ಮನೇಲಿ ಉಪ್ಪಿಟ್ಟು!"

"ಕಾಂಪೌಂಡು ಹಾರಬೇಕಾಗತ್ತಾ?"

"ಹಾರೋದಾದ್ರೆ ಹೇಳಿ... ನಾನೂ ಜೊತೆಗೆ ಹಾರ್ತೀನಿ."

ಏಕಾಂತಯ್ಯ ಜಗನ್ನಾಥನ ಚೀಲ ಹೊತ್ತು, ತಿರುಗಿಯೂ ನೋಡದೆ, ಬಸವೇಶ್ವರನಗರದ ದಾರಿ ಹಿಡಿದು ನಡೆದೇಬಿಟ್ಟರು.